‘ಅಂತೆ’ಯಿಂದ ಆಧಾರದತ್ತ: ಶಾಲೆಯ ಪ್ರಬಂಧದಲ್ಲಿ ಪುರಾವೆ ಕೊಡುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

6, 7, 8ನೇ ತರಗತಿಗೆ ಬರುವ ಹೊತ್ತಿಗೆ ಪ್ರಬಂಧದ ರೀತಿಯೇ ಬದಲಾಗುತ್ತದೆ. ಅಲ್ಲಿಯವರೆಗೆ ‘ನನ್ನ ಮೆಚ್ಚಿನ ಆಟ’, ‘ನಾನು ನೋಡಿದ ಮಳೆ’ ಅಂತ ಬರೆದರೆ ಸಾಕಿತ್ತು. ಈಗ ‘ನಿನ್ನ ನಿಲುವು ಏನು? ಯಾಕೆ?’ ಅಂತ ಕೇಳುತ್ತಾರೆ. ಜಾಸ್ತಿ ಮಕ್ಕಳು ಎಡವುವುದು ಆ ‘ಯಾಕೆ’ ಹತ್ತಿರವೇ. ಮಕ್ಕಳ ಬರಹ ಓದುತ್ತಾ, ತಿದ್ದುತ್ತಾ ನನಗೆ ಎದುರಾದ ಪ್ರಶ್ನೆಗಳು ಇಲ್ಲಿವೆ. ಹೆಚ್ಚಿನವು ಮಕ್ಕಳು ಕೇಳಿದ್ದು. ಕೆಲವು ಅಪ್ಪ ಅಮ್ಮಂದಿರು ಕೇಳಿದ್ದು.

ಹೇಳಿಕೆ ಅಂದರೆ ಏನು? ನಾನು ಬರೆಯುವ ಎಲ್ಲ ವಾಕ್ಯಕ್ಕೂ ಆಧಾರ ಬೇಕಾ?

ಬೇಡ. ‘ನನಗೆ ಬೆಕ್ಕು ಇಷ್ಟ’ ಅಂದರೆ ಅದು ನಿಮ್ಮ ಇಷ್ಟ. ಅದಕ್ಕೆ ಯಾರೂ ಪುರಾವೆ ಕೇಳುವುದಿಲ್ಲ. ‘ಭೂಮಿ ಸೂರ್ಯನ ಸುತ್ತ ಸುತ್ತುತ್ತದೆ’ ಅನ್ನುವುದು ಎಲ್ಲರೂ ಒಪ್ಪಿದ ಸಂಗತಿ. ಅದನ್ನು ಸಾಧಿಸಲು ಹೊರಡುವ ಅಗತ್ಯವಿಲ್ಲ. ಆದರೆ ‘ಶಾಲೆ ಬೆಳಗ್ಗೆ ಇನ್ನೂ ತಡವಾಗಿ ಶುರುವಾಗಬೇಕು’ ಅಂದಿರಿ ಅನ್ನಿ. ಇದನ್ನು ಒಪ್ಪದವರು ಇದ್ದಾರೆ. ಹಾಗೆ ಇನ್ನೊಬ್ಬರು ‘ಇಲ್ಲ, ನಾನು ಒಪ್ಪಲ್ಲ’ ಅನ್ನಬಹುದಾದ ಮಾತೇ ಹೇಳಿಕೆ. ಆಧಾರ ಬೇಕಾಗುವುದು ಅದಕ್ಕೆ.

ನನ್ನ ಅಭಿಪ್ರಾಯ ನನ್ನದು. ಅದಕ್ಕೆ ಪುರಾವೆ ಯಾಕೆ ಕೊಡಬೇಕು?

ಎದುರಿಗೆ ಕೂತು ಮಾತಾಡುವಾಗ ಗೆಳೆಯ ‘ನಿನಗೆ ಹೇಗೆ ಗೊತ್ತು?’ ಅಂತ ತಕ್ಷಣ ಕೇಳಬಹುದು. ಪ್ರಬಂಧ ಓದುವವರಿಗೆ ಆ ಅವಕಾಶ ಇಲ್ಲ. ನೀವು ಅವರ ಮುಂದೆ ಇರುವುದಿಲ್ಲ. ಅವರ ಮನಸ್ಸಿನಲ್ಲಿ ಏಳುವ ಪ್ರಶ್ನೆಗೆ ಕಾಗದವೇ ಉತ್ತರ ಹೇಳಬೇಕು. ಆಧಾರ ಕೊಡುವುದು ಅಂದರೆ ‘ನನ್ನ ಮಾತನ್ನು ಸುಮ್ನೆ ನಂಬಬೇಡಿ, ಇಗೋ, ನೀವೇ ಪರೀಕ್ಷಿಸಿ’ ಅನ್ನುವುದು. ಓದುವವರಿಗೆ ನಾವು ಕೊಡುವ ಮರ್ಯಾದೆ ಅದು.

ನಮ್ಮ ಭಾಷೆಯಲ್ಲಿ ಇದಕ್ಕೊಂದು ಒಳ್ಳೆಯ ಸಾಧನ ಇದೆ. ‘ಅವನು ಬಂದ’ ಅನ್ನುವುದಕ್ಕೂ ‘ಅವನು ಬಂದನಂತೆ’ ಅನ್ನುವುದಕ್ಕೂ ಎಷ್ಟು ವ್ಯತ್ಯಾಸ ಇದೆ ನೋಡಿ. ನಾನೇ ಕಂಡಿದ್ದು, ಬೇರೆಯವರಿಂದ ಕೇಳಿದ್ದು, ಎರಡನ್ನೂ ಒಂದು ‘ಅಂತೆ’ ಬೇರೆ ಮಾಡುತ್ತದೆ. ಪ್ರಬಂಧ ಮುಗಿದ ಮೇಲೆ ಪ್ರತಿ ಹೇಳಿಕೆಯ ಕೊನೆಗೆ ‘ಅಂತೆ’ ಸೇರಿಸಿ ಓದಿ. ‘ಚೀನಾದ ಮಹಾಗೋಡೆ ಬಾಹ್ಯಾಕಾಶದಿಂದ ಬರಿಗಣ್ಣಿಗೆ ಕಾಣುತ್ತದಂತೆ.’ ಹಾಗೆ ಓದಿದಾಗಲೇ ಹೆಚ್ಚು ಪ್ರಾಮಾಣಿಕ ಅನ್ನಿಸಿದರೆ, ಆ ಮಾತಿನ ಬೇರು ನಿಮ್ಮ ಹತ್ತಿರ ಇಲ್ಲ ಅಂತ ಅರ್ಥ. ಹುಡುಕಲು ಶುರು ಮಾಡಬೇಕಾದದ್ದು ಅಲ್ಲಿಂದಲೇ.

ಮಹಾಗೋಡೆಯ ಮಾತನ್ನು ನಾನೂ ಬಹಳ ಕಾಲ ನಂಬಿದ್ದೆ. ಮಕ್ಕಳಿಗೂ ಹೇಳಿದ್ದೆ. ಒಬ್ಬ ಹುಡುಗಿ ‘ಯಾರು ನೋಡಿದ್ದು?’ ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಹುಡುಕಿದಾಗ ಸಿಕ್ಕಿದ್ದು ಬೇರೆಯೇ. 2003ರಲ್ಲಿ ಬಾಹ್ಯಾಕಾಶಕ್ಕೆ ಹೋಗಿ ಬಂದ ಚೀನಾದ ಮೊದಲ ಗಗನಯಾತ್ರಿ ಯಾಂಗ್ ಲಿವೈ ಅವರೇ ತಮಗೆ ಗೋಡೆ ಕಾಣಲಿಲ್ಲ ಅಂದಿದ್ದರು. ಗೋಡೆ ಉದ್ದ ನಿಜ, ಆದರೆ ಅಗಲ ಬಹಳ ಕಡಿಮೆ, ಬಣ್ಣವೂ ಸುತ್ತಲಿನ ನೆಲದ ಬಣ್ಣವೇ. ಆ ಹುಡುಗಿಯ ಪ್ರಶ್ನೆಗೆ ನಾನು ಇವತ್ತಿಗೂ ಋಣಿ.

ಯಾವುದನ್ನೆಲ್ಲ ಆಧಾರ ಅನ್ನಬಹುದು?

ಅಂಕಿ ಅಂಶ, ಆ ವಿಷಯ ಬಲ್ಲವರ ಮಾತು, ನಡೆದ ಘಟನೆ, ಪ್ರಯೋಗದ ಫಲಿತಾಂಶ, ಓದಿದ ಪಾಠದ ಸಾಲು, ಕಣ್ಣಾರೆ ಕಂಡದ್ದು, ಎಲ್ಲವೂ ಆಧಾರವೇ. ಪಟ್ಟಿ ಬಾಯಿಪಾಠ ಮಾಡುವುದಕ್ಕಿಂತ ಒಂದು ನಿಜ ಕಥೆ ಕೇಳಿ.

1854ರಲ್ಲಿ ಲಂಡನ್ನಿನ ಸೋಹೊ ಅನ್ನುವ ಜಾಗದಲ್ಲಿ ಕಾಲರಾ ಬಂತು. ಸುಮಾರು 10 ದಿನಗಳಲ್ಲಿ 500ಕ್ಕೂ ಹೆಚ್ಚು ಜನ ತೀರಿಕೊಂಡರು. ಕೆಟ್ಟ ಗಾಳಿಯಿಂದ ರೋಗ ಬರುತ್ತದೆ ಅನ್ನುವುದು ಆಗಿನ ಹೆಚ್ಚಿನ ವೈದ್ಯರ ನಂಬಿಕೆ. ಜಾನ್ ಸ್ನೋ ಅನ್ನುವ ವೈದ್ಯರು ‘ಅಲ್ಲ, ನೀರಿನಿಂದ’ ಅಂದರು. ಬರೀ ಅಂದಿದ್ದರೆ ಯಾರು ಕೇಳುತ್ತಿದ್ದರು? ಅವರು ಸತ್ತವರ ವಿವರ ಸಂಗ್ರಹಿಸಿದರು, ಮನೆ ಮನೆಗೆ ಹೋಗಿ ವಿಚಾರಿಸಿದರು. ಯಾವ ಮನೆಯಲ್ಲಿ ಎಷ್ಟು ಸಾವು ಅಂತ ನಕ್ಷೆಯ ಮೇಲೆ ಗುರುತು ಹಾಕಿದರು. ಗುರುತುಗಳೆಲ್ಲ ಬ್ರಾಡ್ ಸ್ಟ್ರೀಟಿನ ಒಂದು ನೀರಿನ ಪಂಪಿನ ಸುತ್ತ ಗುಂಪುಗೂಡಿದ್ದವು.

ನನಗೆ ಬಹಳ ಇಷ್ಟವಾಗುವುದು ಮುಂದಿನ ಭಾಗ. ಹತ್ತಿರದಲ್ಲೇ ಬಡವರಿಗೆ ಆಶ್ರಯ ಕೊಡುವ ಒಂದು ದೊಡ್ಡ ಕಟ್ಟಡ ಇತ್ತು. ಅಲ್ಲಿದ್ದ 535 ಜನರಲ್ಲಿ ಸತ್ತವರು 5 ಮಂದಿ ಮಾತ್ರ. ಯಾಕೆ? ಅವರಿಗೆ ಬೇರೆ ಬಾವಿ ಇತ್ತು. ಇನ್ನೊಂದು ಕಡೆ, ಸೋಹೊದಿಂದ ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿ ಒಬ್ಬ ಮಹಿಳೆ ಕಾಲರಾದಿಂದ ಸತ್ತಿದ್ದರು. ವಿಚಾರಿಸಿದರೆ, ಆ ಪಂಪಿನ ನೀರು ರುಚಿ ಅಂತ ಅವರು ದಿನಾ ಅಲ್ಲಿಂದಲೇ ತರಿಸಿಕೊಳ್ಳುತ್ತಿದ್ದರು. ಹತ್ತಿರ ಇದ್ದೂ ಆ ನೀರು ಕುಡಿಯದವರು ಉಳಿದರು, ದೂರ ಇದ್ದೂ ಕುಡಿದವರು ಸತ್ತರು. ಗಾಳಿಯೇ ಕಾರಣ ಆಗಿದ್ದರೆ ಹೀಗಾಗುತ್ತಿರಲಿಲ್ಲ, ಅಲ್ವಾ? ಸೆಪ್ಟೆಂಬರ್ 8ರಂದು ಆ ಪಂಪಿನ ಹಿಡಿಕೆಯನ್ನು ಕಳಚಲಾಯಿತು.

ನಕ್ಷೆ, ಲೆಕ್ಕ, ಮನೆಯವರ ಮಾತು, ಒಬ್ಬ ಮಹಿಳೆಯ ಕಥೆ. ನಾಲ್ಕು ಬಗೆಯ ಆಧಾರ, ನಾಲ್ಕೂ ಒಂದೇ ಕಡೆ ಬೆರಳು ತೋರಿಸುತ್ತವೆ. ನಿಮ್ಮ ಪ್ರಬಂಧದಲ್ಲೂ ಎರಡು ಬೇರೆ ಬಗೆಯ ಆಧಾರ ಒಂದೇ ಮಾತಿಗೆ ಕೂಡಿ ಬಂದರೆ ಆ ಮಾತಿಗೆ ಗಟ್ಟಿತನ ಬರುತ್ತದೆ.

ನನ್ನ ಸ್ವಂತ ಅನುಭವ ಬರೆಯಬಹುದಾ?

ಖಂಡಿತ. ಆದರೆ ಅದರ ಅಳತೆ ತಿಳಿದಿರಲಿ. ‘ನಾನು ಬೇಗ ಎದ್ದ ದಿನ ಮೊದಲ ಪೀರಿಯಡ್‌ನಲ್ಲಿ ತೂಕಡಿಸುತ್ತೇನೆ’ ಅನ್ನುವುದು ಒಳ್ಳೆಯ ಆರಂಭ. ಓದುವವರು ಹತ್ತಿರವಾಗುತ್ತಾರೆ. ಅದೊಂದನ್ನೇ ಹಿಡಿದು ‘ಆದ್ದರಿಂದ ಎಲ್ಲ ಮಕ್ಕಳೂ ತೂಕಡಿಸುತ್ತಾರೆ’ ಅನ್ನಲು ಬರುವುದಿಲ್ಲ. ಅನುಭವದಿಂದ ಬಾಗಿಲು ತೆಗೆಯಿರಿ, ಒಳಗೆ ಬೇರೆ ಆಧಾರವನ್ನೂ ಇಡಿ.

ಆಧಾರ ಕೊಟ್ಟಿದ್ದೇನೆ. ಆದರೂ ಟೀಚರ್ ಪಕ್ಕದಲ್ಲಿ ‘ವಿವರಿಸು’ ಅಂತ ಬರೆಯುತ್ತಾರೆ. ಇನ್ನೇನು ಬೇಕು?

ಈ ಪ್ರಶ್ನೆಗೆ ಸ್ವಲ್ಪ ಉದ್ದದ ಉತ್ತರ ಬೇಕು. ನಾನು ಓದುವ ಪ್ರಬಂಧಗಳಲ್ಲಿ ತಪ್ಪು ಆಧಾರಕ್ಕಿಂತ ಒಂಟಿಯಾಗಿ ನಿಂತ ಆಧಾರವೇ ಜಾಸ್ತಿ.

ಒಂದೇ ಪ್ಯಾರಾದ ಮೂರು ಕರಡು ನೋಡೋಣ. ಮೊದಲನೆಯದು ಹೀಗಿದೆ:

“ಶಾಲೆ ತಡವಾಗಿ ಶುರುವಾಗಬೇಕು. ಯಾಕೆಂದರೆ ಬೆಳಗ್ಗೆ ಅಷ್ಟು ಬೇಗ ಶುರುವಾಗುವುದು ಸರಿಯಲ್ಲ. ಇದು ಎಲ್ಲರಿಗೂ ಗೊತ್ತಿರುವ ವಿಷಯ.”

ಇಲ್ಲಿ ‘ಯಾಕೆಂದರೆ’ ಇದೆ, ಕಾರಣ ಇಲ್ಲ. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಅಂದ ಹಾಗೆ, ಮೊದಲ ವಾಕ್ಯವೇ ಬೇರೆ ಅಂಗಿ ತೊಟ್ಟು ಮತ್ತೆ ಬಂದಿದೆ. ಎರಡನೇ ಕರಡು:

“ಶಾಲೆ ತಡವಾಗಿ ಶುರುವಾಗಬೇಕು. ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ 2016ರಲ್ಲಿ ಹೇಳಿದ ಪ್ರಕಾರ 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು.”

ಈಗ ಒಳ್ಳೆಯ ಆಧಾರ ಬಂತು. ಆದರೆ ಓದುವವರು ‘ಸರಿ, ಹಾಗಾದರೆ ರಾತ್ರಿ ಬೇಗ ಮಲಗಿ’ ಅನ್ನಬಹುದು. ನಿದ್ದೆಯ ಲೆಕ್ಕಕ್ಕೂ ಶಾಲೆಯ ಗಂಟೆಗೂ ಏನು ಸಂಬಂಧ ಅಂತ ಬರೆದವರು ಹೇಳಿಲ್ಲ. ಅವರ ತಲೆಯಲ್ಲಿ ಆ ಸಂಬಂಧ ಇದೆ, ಕಾಗದದ ಮೇಲೆ ಇಲ್ಲ. ಮೂರನೇ ಕರಡು:

“ಶಾಲೆ ತಡವಾಗಿ ಶುರುವಾಗಬೇಕು. ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ 2016ರಲ್ಲಿ ಹೇಳಿದ ಪ್ರಕಾರ 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಬೇಗ ಮಲಗಿದರೆ ಆಯಿತಲ್ಲ ಎಂದು ಕೇಳಬಹುದು. ಆದರೆ ಈ ವಯಸ್ಸಿನಲ್ಲಿ ದೇಹದ ಗಡಿಯಾರವೇ ಹಿಂದಕ್ಕೆ ಸರಿಯುತ್ತದೆ, ರಾತ್ರಿ ನಿದ್ದೆ ಬರುವುದೇ ತಡವಾಗುತ್ತದೆ. ಮಲಗುವುದು ತಡ, ಏಳುವುದು ಬೇಗ ಎಂದಾದರೆ ನಡುವಿನ ನಿದ್ದೆಯೇ ಕಡಿಮೆಯಾಗುತ್ತದೆ. ಮಲಗುವ ಹೊತ್ತನ್ನು ಸುಲಭವಾಗಿ ಬದಲಿಸಲು ಆಗದಿದ್ದಾಗ, ಶಾಲೆ ಶುರುವಾಗುವ ಹೊತ್ತನ್ನು ಬದಲಿಸುವುದೇ ದಾರಿ.”

ಕೊನೆಯ ಎರಡು ವಾಕ್ಯಗಳಲ್ಲಿ ಹೊಸ ಮಾಹಿತಿ ಏನೂ ಇಲ್ಲ. ಆದರೂ ಇಡೀ ಪ್ಯಾರಾ ನಿಂತಿರುವುದು ಅವುಗಳ ಮೇಲೆ. ಆಧಾರದಿಂದ ಹೇಳಿಕೆಗೆ ಹೋಗುವ ಸೇತುವೆ ಅವು. ‘ವಿವರಿಸು’ ಅಂದರೆ ಆ ಸೇತುವೆ ಕಟ್ಟು ಅಂತ. ಬ್ರಿಟನ್ನಿನ ತತ್ವಜ್ಞಾನಿ ಸ್ಟೀಫನ್ ಟೂಲ್ಮಿನ್ 1958ರಲ್ಲೇ ವಾದವನ್ನು ಹೀಗೆ ಬಿಡಿಸಿ ತೋರಿಸಿದ್ದರು: ಹೇಳಿಕೆ, ಅದಕ್ಕೆ ಆಧಾರ, ಎರಡನ್ನೂ ಜೋಡಿಸುವ ಕಾರಣ. ಇವತ್ತು ತರಗತಿಗಳಲ್ಲಿ ಕಲಿಸುವ ‘ಹೇಳಿಕೆ, ಆಧಾರ, ವಿವರಣೆ’ ಅನ್ನುವ ಕ್ರಮ ಇದಕ್ಕೆ ತುಂಬ ಹತ್ತಿರದ್ದು.

ಒಂದು ಸುಲಭ ಅಭ್ಯಾಸ: ಆಧಾರ ಬರೆದ ತಕ್ಷಣ ‘ಇದರಿಂದ ಏನು ಗೊತ್ತಾಗುತ್ತದೆ ಅಂದರೆ’ ಅಂತ ಶುರು ಮಾಡಿ ಒಂದು ವಾಕ್ಯ ಮುಗಿಸಿ. ಆಮೇಲೆ ಬೇಕಾದರೆ ಆ ಪದಗಳನ್ನು ಅಳಿಸಿ, ವಾಕ್ಯವನ್ನು ಉಳಿಸಿಕೊಳ್ಳಿ.

ಕಥೆ ಅಥವಾ ಪದ್ಯದ ಬಗ್ಗೆ ಬರೆಯುವಾಗ ಆಧಾರ ಎಲ್ಲಿಂದ ತರಲಿ?

ಆ ಕಥೆಯೊಳಗಿಂದಲೇ. ‘ಅಜ್ಜನಿಗೆ ಒಳಗೊಳಗೇ ಭಯ ಇತ್ತು’ ಅಂತ ನಿಮಗೆ ಅನ್ನಿಸಿದರೆ, ಹಾಗೆ ಅನ್ನಿಸಿದ್ದು ಯಾವ ಸಾಲಿನಲ್ಲಿ? ಅವನು ಬಾಗಿಲನ್ನು ಎರಡೆರಡು ಸಲ ಹಾಕಿ ನೋಡಿದ ಜಾಗದಲ್ಲಾ? ಆ ಸಾಲನ್ನು ಎತ್ತಿ ಬರೆಯಿರಿ. ಇಡೀ ಪ್ಯಾರಾ ಬೇಡ, ಕೆಲಸಕ್ಕೆ ಬರುವ ನಾಲ್ಕೈದು ಪದ ಸಾಕು. ‘ಎರಡೆರಡು ಸಲ’ ಅನ್ನುವ ಪದ ಯಾಕೆ ಭಯವನ್ನು ತೋರಿಸುತ್ತದೆ ಅಂತ ಹೇಳಿದರೆ ವಿವರಣೆಯೂ ಮುಗಿಯಿತು.

ಇಂಟರ್ನೆಟ್‌ನಲ್ಲಿ ಸಿಕ್ಕಿದ್ದನ್ನು ನಂಬಬಹುದಾ ಅಂತ ಹೇಗೆ ತಿಳಿಯುವುದು?

ಮೊದಲು ಒಂದು ಆಕ್ಟೋಪಸ್ ಕಥೆ. 1998ರಲ್ಲಿ ಯಾರೋ ತಮಾಷೆಗೆ ಒಂದು ವೆಬ್‌ಸೈಟ್ ಮಾಡಿದರು. ಅಮೆರಿಕದ ವಾಯವ್ಯ ಕಾಡುಗಳಲ್ಲಿ ಮರದ ಮೇಲೆ ವಾಸಿಸುವ ಆಕ್ಟೋಪಸ್ ಇದೆ, ಅದು ಅಳಿವಿನ ಅಂಚಿನಲ್ಲಿದೆ, ಉಳಿಸಿ ಅಂತ ಅದರಲ್ಲಿ ಬರೆದಿತ್ತು. ಚಿತ್ರ ಇತ್ತು, ಲ್ಯಾಟಿನ್ ಹೆಸರೂ ಇತ್ತು. ಕನೆಕ್ಟಿಕಟ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು 7ನೇ ತರಗತಿಯ ಮಕ್ಕಳಿಗೆ ತೋರಿಸಿದರು. ಇಂಟರ್ನೆಟ್ ಬಳಸುವುದರಲ್ಲಿ ಚುರುಕಾದ ಮಕ್ಕಳು ಅವರು. ಹೆಚ್ಚುಕಡಿಮೆ ಎಲ್ಲರೂ ನಂಬಿದರು. ಸುಳ್ಳು ಅಂತ ಹೇಳಿದ ಮೇಲೂ ಕೆಲವರು ‘ಇಲ್ಲ, ಇದೆ’ ಅಂದರು.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ ಅನ್ನುವ ಗಾದೆ ಇಲ್ಲಿ ನೆನಪಾಗುತ್ತದೆ. ಹಾಗಂತ ಆ ಮಕ್ಕಳನ್ನು ದಡ್ಡರು ಅನ್ನಬೇಡಿ. ಪುಟದ ಅಂದ ನೋಡಿ ನಂಬುವುದು ದೊಡ್ಡವರಿಗೂ ಇರುವ ಅಭ್ಯಾಸ. 2016ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಒಂದು ವರದಿ ಪ್ರಕಟಿಸಿದರು. ಅವರು ಪರೀಕ್ಷಿಸಿದ ಮಾಧ್ಯಮಿಕ ಶಾಲೆಯ ಮಕ್ಕಳಲ್ಲಿ ಶೇ 80ಕ್ಕೂ ಹೆಚ್ಚು ಮಂದಿ ‘ಪ್ರಾಯೋಜಿತ’ ಅಂತ ಬರೆದಿದ್ದ ಜಾಹೀರಾತನ್ನೇ ಸುದ್ದಿ ಅಂದುಕೊಂಡಿದ್ದರು.

ಪರಿಹಾರವೂ ಅದೇ ಸಂಶೋಧಕರ ಇನ್ನೊಂದು ಕೆಲಸದಿಂದ ಸಿಗುತ್ತದೆ. ಸುದ್ದಿಯ ಸತ್ಯ ಪರೀಕ್ಷಿಸುವುದನ್ನೇ ವೃತ್ತಿ ಮಾಡಿಕೊಂಡವರು ಹೇಗೆ ಓದುತ್ತಾರೆ ಅಂತ ಅವರು ಗಮನಿಸಿದರು. ಇತಿಹಾಸದ ಪ್ರಾಧ್ಯಾಪಕರು, ಕಾಲೇಜು ವಿದ್ಯಾರ್ಥಿಗಳು ಒಂದೇ ಪುಟವನ್ನು ಮೇಲಿಂದ ಕೆಳಗೆ ಓದುತ್ತಾ ಕೂತರು. ಸತ್ಯ ಪರೀಕ್ಷಕರು ಹಾಗೆ ಮಾಡಲಿಲ್ಲ. ಸ್ವಲ್ಪ ನೋಡಿ ಆ ಪುಟ ಬಿಟ್ಟು ಹೊರಗೆ ಬಂದರು. ಹೊಸ ಟ್ಯಾಬ್ ತೆರೆದು, ಈ ಸೈಟಿನ ಬಗ್ಗೆ ಬೇರೆಯವರು ಏನು ಹೇಳುತ್ತಾರೆ ಅಂತ ಹುಡುಕಿದರು. ಇದಕ್ಕೆ ಅಡ್ಡ ಓದು ಅನ್ನೋಣ. ಒಬ್ಬರು ಎಂಥವರು ಅಂತ ಅವರನ್ನೇ ಕೇಳುವುದಕ್ಕಿಂತ ಅವರನ್ನು ಬಲ್ಲವರನ್ನು ಕೇಳುವುದು ಮೇಲು, ಅಲ್ವಾ?

ಬರೆದವರು ಯಾರು, ಅವರಿಗೆ ಈ ವಿಷಯ ಗೊತ್ತಿರಲು ಕಾರಣ ಏನು, ಇದನ್ನು ನಂಬಿಸಿದರೆ ಅವರಿಗೆ ಲಾಭ ಇದೆಯಾ, ಬೇರೆ ಯಾರಾದರೂ ಇದನ್ನೇ ಸ್ವತಂತ್ರವಾಗಿ ಹೇಳಿದ್ದಾರಾ? ಹುಡುಕುವಾಗ ಇಷ್ಟು ತಲೆಯಲ್ಲಿದ್ದರೆ ಆಯಿತು. ಹತ್ತು ಸೈಟುಗಳು ಒಂದೇ ಪ್ಯಾರಾವನ್ನು ಅಕ್ಷರ ಬಿಡದೆ ನಕಲು ಮಾಡಿದ್ದರೆ ಅದು ಹತ್ತು ಆಧಾರ ಅಲ್ಲ, ಒಂದೇ.

ವಿಳಾಸದ ಕೊನೆಗೆ ‘ಡಾಟ್ ಆರ್ಗ್’ ಇದ್ದರೆ ನಂಬಬಹುದು ಅಂತ ಕಲಿತಿದ್ದೆ. ಸರಿಯಾ?

ಸರಿಯಲ್ಲ. ‘ಡಾಟ್ ಆರ್ಗ್’ ವಿಳಾಸವನ್ನು ಯಾರು ಬೇಕಾದರೂ ಪಡೆಯಬಹುದು.

ವಿಕಿಪೀಡಿಯ ಬಳಸಬಹುದಾ?

ಹುಡುಕಾಟ ಶುರು ಮಾಡಲು ಒಳ್ಳೆಯ ಜಾಗ. ಅಲ್ಲೇ ಮುಗಿಸಬೇಡಿ. ಲೇಖನದ ಕೆಳಗೆ ಅಡಿಟಿಪ್ಪಣಿಗಳು ಇರುತ್ತವೆ. ನಿಮಗೆ ಬೇಕಾದ ವಾಕ್ಯದ ಪಕ್ಕದ ಸಂಖ್ಯೆ ಒತ್ತಿ, ಅದು ಯಾವ ಮೂಲಕ್ಕೆ ಕರೆದುಕೊಂಡು ಹೋಗುತ್ತದೋ ಅದನ್ನು ಓದಿ. ಅಲ್ಲಿ ನಿಜಕ್ಕೂ ಆ ಮಾತು ಇದ್ದರೆ ಆ ಮೂಲವನ್ನೇ ನಿಮ್ಮ ಪ್ರಬಂಧದಲ್ಲಿ ಹೆಸರಿಸಿ.

ಎಐ ಚಾಟ್‌ಬಾಟ್ ಕೊಟ್ಟ ಉತ್ತರವನ್ನು ಆಧಾರವಾಗಿ ಕೊಡಬಹುದಾ?

ಬೇಡ. ಚಾಟ್‌ಬಾಟ್ ಸರಾಗವಾಗಿ ಬರೆಯುತ್ತದೆ. ಇಲ್ಲದ ಪುಸ್ತಕ, ಇಲ್ಲದ ಅಧ್ಯಯನವನ್ನೂ ಅಷ್ಟೇ ಸರಾಗವಾಗಿ ಹೆಸರಿಸುತ್ತದೆ. 2023ರಲ್ಲಿ ನ್ಯೂಯಾರ್ಕಿನಲ್ಲಿ ವಕೀಲರು ಚಾಟ್‌ಜಿಪಿಟಿ ಕೊಟ್ಟ ಹಳೆಯ ತೀರ್ಪುಗಳನ್ನು ಕೋರ್ಟಿಗೆ ಸಲ್ಲಿಸಿದರು. ನೋಡಿದರೆ ಆ ಪ್ರಕರಣಗಳು ನಡೆದೇ ಇರಲಿಲ್ಲ. ನ್ಯಾಯಾಧೀಶರು 5,000 ಡಾಲರ್ ದಂಡ ಹಾಕಿದರು. ಕಲಿತ ವಕೀಲರಿಗೇ ಹೀಗಾದರೆ 12 ವರ್ಷದ ಮಗು ಎಷ್ಟು ಹುಷಾರಾಗಿರಬೇಕು ಯೋಚಿಸಿ. ಯಾವ ಪದ ಹಾಕಿ ಹುಡುಕಬೇಕು ಅಂತ ಕೇಳಲು ಟೀಚರ್ ಒಪ್ಪಿದರೆ ಬಳಸಿ. ಆಧಾರವನ್ನು ಮಾತ್ರ ನೀವೇ ಕಣ್ಣಲ್ಲಿ ನೋಡಬೇಕು.

ಹಳೆಯ ಪುಸ್ತಕದಿಂದ ಮಾಹಿತಿ ತಗೊಂಡರೆ ತಪ್ಪಾ?

ವಿಷಯ ನೋಡಿ ಹೇಳಬೇಕು. 2005ರಲ್ಲಿ ಅಚ್ಚಾದ ಪುಸ್ತಕದಲ್ಲಿ ಒಂಬತ್ತು ಗ್ರಹ ಅಂತ ಇರುತ್ತದೆ. 2006ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಪ್ಲೂಟೊವನ್ನು ಕುಬ್ಜ ಗ್ರಹ ಅಂತ ಕರೆದ ಮೇಲೆ ಎಂಟು ಉಳಿದವು. ವಿಜ್ಞಾನ, ಆರೋಗ್ಯ, ತಂತ್ರಜ್ಞಾನದಲ್ಲಿ ಇಸವಿ ನೋಡಲೇಬೇಕು. ಆದರೆ 1854ರ ಕಾಲರಾ ಬಗ್ಗೆ ಬರೆಯುವಾಗ ಸ್ನೋ ಅವರು ಆಗ ಬರೆದದ್ದೇ ಎಲ್ಲಕ್ಕಿಂತ ಅಮೂಲ್ಯ.

ಅಂಕಿ ಸಂಖ್ಯೆ ಇದ್ದರೆ ವಾದ ಗಟ್ಟಿ ಅಲ್ವಾ?

ಆ ಸಂಖ್ಯೆ ಏನನ್ನು ಎಣಿಸಿದೆ ಅಂತ ಗೊತ್ತಿದ್ದರೆ ಗಟ್ಟಿ. ‘10ರಲ್ಲಿ 9 ಮಕ್ಕಳಿಗೆ ಹೋಂವರ್ಕ್ ಇಷ್ಟ ಇಲ್ಲ’ ಅಂದರೆ, ಕೇಳಿದ್ದು ಎಷ್ಟು ಮಕ್ಕಳನ್ನು? ಹತ್ತೇ ಗೆಳೆಯರನ್ನಾ? ಹಾಗಿದ್ದರೆ ಹಾಗಂತಲೇ ಬರೆಯಿರಿ, ಅದರಲ್ಲಿ ಅವಮಾನ ಏನೂ ಇಲ್ಲ.

ಇನ್ನೊಂದು ದೊಡ್ಡ ಬಲೆ ಇದೆ. ಒಂದು ಶಾಲೆಯ ಎಲ್ಲ ಮಕ್ಕಳ ಶೂ ಅಳತೆ ತಗೊಳ್ಳಿ, ಓದುವ ಪರೀಕ್ಷೆಯನ್ನೂ ಮಾಡಿ. ದೊಡ್ಡ ಶೂ ಹಾಕುವ ಮಕ್ಕಳು ಚೆನ್ನಾಗಿ ಓದುತ್ತಾರೆ ಅಂತ ಬರುತ್ತದೆ. ಶೂ ದೊಡ್ಡದಾದರೆ ಓದು ಬರುತ್ತದಾ? ಇಲ್ಲ. ವಯಸ್ಸಾದಂತೆ ಪಾದವೂ ಬೆಳೆಯುತ್ತದೆ, ಓದೂ ಬೆಳೆಯುತ್ತದೆ. ಎರಡು ಸಂಗತಿ ಜೊತೆಗೆ ಬಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಅಲ್ಲ. ‘ಮೊಬೈಲ್ ನೋಡುವವರಿಗೆ ಅಂಕ ಕಡಿಮೆ’ ಅನ್ನುವಂಥ ವಾಕ್ಯ ಬರೆಯುವ ಮುಂಚೆ ಈ ಶೂ ನೆನಪಿರಲಿ.

ಹುಡುಕುವಾಗ ನನ್ನ ವಾದಕ್ಕೆ ಉಲ್ಟಾ ಆಧಾರ ಸಿಕ್ಕಿತು. ಬಚ್ಚಿಡಲಾ?

ದಯವಿಟ್ಟು ಬೇಡ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಹಟ ಪ್ರಬಂಧಕ್ಕೆ ಒಳ್ಳೆಯದಲ್ಲ. ಉಲ್ಟಾ ಆಧಾರವನ್ನು ನೀವೇ ಮುಂದಿಟ್ಟು, ಅದಕ್ಕೆ ಉತ್ತರ ಕೊಟ್ಟರೆ ಓದುವವರ ನಂಬಿಕೆ ಹೆಚ್ಚುತ್ತದೆ. ‘ಶಾಲೆ ತಡವಾದರೆ ಸಂಜೆಯ ಆಟದ ಹೊತ್ತು ಕಡಿಮೆಯಾಗುತ್ತದೆ ಅನ್ನುವುದು ನಿಜ. ಆದರೂ...’ ಅಂತ ಶುರು ಮಾಡಿ.

ಉತ್ತರ ಕೊಡಲು ಆಗದಷ್ಟು ಗಟ್ಟಿ ಆಧಾರ ಸಿಕ್ಕಿದರೆ ನಿಲುವು ಬದಲಿಸಿ. ಹೊಟ್ಟೆಯ ಹುಣ್ಣಿಗೆ ಮನಸ್ಸಿನ ಒತ್ತಡ ಮತ್ತು ಆಮ್ಲವೇ ಕಾರಣ ಅಂತ ವೈದ್ಯರು ಬಹಳ ಕಾಲ ನಂಬಿದ್ದರು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಒಂದು ಬ್ಯಾಕ್ಟೀರಿಯಾ ಕಡೆ ಬೆರಳು ತೋರಿಸಿದಾಗ ಹೆಚ್ಚಿನವರು ಒಪ್ಪಲಿಲ್ಲ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದರು, ಹೊಟ್ಟೆಯ ಉರಿಯೂತಕ್ಕೆ ಒಳಗಾದರು. ಆಮೇಲೂ ವರ್ಷಗಟ್ಟಲೆ ಆಧಾರ ಸೇರುತ್ತಾ ಹೋಯಿತು, ವೈದ್ಯಲೋಕ ಮನಸ್ಸು ಬದಲಿಸಿತು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಇಡೀ ವೈದ್ಯಲೋಕವೇ ಬದಲಾಗಬಹುದಾದರೆ ನಾವೂ ಬದಲಾಗಬಹುದು. (ಮಾರ್ಷಲ್ ಮಾಡಿದ್ದನ್ನು ಮನೆಯಲ್ಲಿ ಮಾಡಬಾರದು ಅಂತ ಮಕ್ಕಳಿಗೆ ತಪ್ಪದೆ ಹೇಳುತ್ತೇನೆ.)

ಮೂಲವನ್ನು ವಾಕ್ಯದಲ್ಲಿ ಹೇಗೆ ಸೇರಿಸಬೇಕು?

‘ವಿಜ್ಞಾನಿಗಳು ಹೇಳುತ್ತಾರೆ’, ‘ಒಂದು ಸಂಶೋಧನೆಯ ಪ್ರಕಾರ’ ಅಂತ ಬರೆದರೆ ಅದು ವೇಷ ಹಾಕಿಕೊಂಡ ‘ಅಂತೆ’. ಯಾವ ವಿಜ್ಞಾನಿ, ಯಾವ ಸಂಸ್ಥೆ, ಯಾವ ವರ್ಷ? ‘ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ದಣಿಯುವ ಚಟುವಟಿಕೆ ಬೇಕು’ ಅಂತ ಬರೆದರೆ ಓದುವವರು ಹೋಗಿ ನೋಡಬಹುದು. ಬೇರೆಯವರ ಪದಗಳನ್ನೇ ಎತ್ತಿಕೊಂಡರೆ ಉದ್ಧರಣ ಚಿಹ್ನೆ ಹಾಕಿ. ನಿಮ್ಮ ಮಾತಿನಲ್ಲಿ ಬರೆದರೂ ಮೂಲದ ಹೆಸರು ಹೇಳಿ.

ಒಂದು ಹೇಳಿಕೆಗೆ ಎಷ್ಟು ಆಧಾರ ಬೇಕು?

ಚೆನ್ನಾಗಿ ವಿವರಿಸಿದ ಎರಡು, ಸುಮ್ನೆ ಸುರಿದ ಆರಕ್ಕಿಂತ ಮೇಲು.

ಮಗಳ ಪ್ರಬಂಧಕ್ಕೆ ಅಪ್ಪ ಅಮ್ಮ ಹೇಗೆ ನೆರವಾಗಬಹುದು?

ಆಧಾರವನ್ನು ನೀವು ಹುಡುಕಿ ಕೊಡಬೇಡಿ. ಅವಳು ಬರೆದದ್ದನ್ನು ಜೋರಾಗಿ ಓದಿಸಿ, ನಡುನಡುವೆ ‘ಅದು ನಿನಗೆ ಹೇಗೆ ಗೊತ್ತಾಯಿತು ಪುಟ್ಟಿ?’ ಅಂತ ಪ್ರೀತಿಯಿಂದ ಕೇಳಿ. ದನಿ ಮುಖ್ಯ. ಪೊಲೀಸ್ ದನಿಯಲ್ಲಿ ಕೇಳಿದರೆ ಮಗು ಬಾಯಿ ಮುಚ್ಚಿಕೊಳ್ಳುತ್ತದೆ, ಕುತೂಹಲದಿಂದ ಕೇಳಿದರೆ ಹುಡುಕಲು ಓಡುತ್ತದೆ. ಅವಳೂ ನಿಮ್ಮನ್ನು ಅದೇ ಪ್ರಶ್ನೆ ಕೇಳಲಿ. ಮೊಬೈಲಿಗೆ ಬಂದ ಸಂದೇಶವನ್ನು ನೀವು ಮುಂದೆ ಕಳಿಸುವಾಗ ‘ಅಪ್ಪಾ, ಇದು ನಿಜಾನಾ?’ ಅಂದರೆ ಸಿಟ್ಟಾಗದೆ ಇಬ್ಬರೂ ಕೂತು ಹುಡುಕಿ.

ಎಷ್ಟು ಹುಡುಕಿದರೂ ಆಧಾರ ಸಿಗಲಿಲ್ಲ. ನಾಳೆ ಪ್ರಬಂಧ ಕೊಡಬೇಕು. ಏನು ಮಾಡಲಿ?

ಹೇಳಿಕೆಯನ್ನು ಸಣ್ಣದು ಮಾಡಿ. ‘ವಿಡಿಯೋ ಗೇಮ್‌ಗಳು ಮಕ್ಕಳನ್ನು ಹಾಳು ಮಾಡುತ್ತವೆ’ ಅನ್ನುವುದಕ್ಕೆ ಆಧಾರ ಸಿಗದೆ ಇರಬಹುದು, ಯಾಕೆಂದರೆ ಅದು ಎಲ್ಲ ಗೇಮ್, ಎಲ್ಲ ಮಕ್ಕಳು, ಎಲ್ಲ ಬಗೆಯ ಹಾಳನ್ನು ಒಟ್ಟಿಗೆ ಹೊತ್ತುಕೊಂಡಿದೆ. ‘ಮಲಗುವ ಹೊತ್ತಿನಲ್ಲಿ ಗೇಮ್ ಆಡಿದರೆ ನಿದ್ದೆಯ ಸಮಯ ಕಡಿಮೆಯಾಗಬಹುದು’ ಅನ್ನಿ. ಈಗ ಹುಡುಕಿ, ದಾರಿ ಕಾಣುತ್ತದೆ. ಒಂದು ವಾರ ನೀವೇ ಮಲಗಿದ ಹೊತ್ತು, ಎದ್ದ ಹೊತ್ತು ಬರೆದಿಟ್ಟಿದ್ದರೆ ಅದನ್ನೂ ಸೇರಿಸಬಹುದು, ಒಬ್ಬರದೇ ಲೆಕ್ಕ ಅಂತ ಹೇಳಿ. ಆಮೇಲೂ ಒಂದು ಮಾತಿಗೆ ಆಧಾರ ಸಿಗಲಿಲ್ಲ ಅಂದರೆ ಆ ಮಾತನ್ನು ತೆಗೆದುಬಿಡಿ, ಇಲ್ಲವೇ ‘ಇದು ನನ್ನ ಊಹೆ’ ಅಂತ ಬರೆಯಿರಿ. ಹಾಗೆ ಬರೆದ ಮಗುವಿನ ಪ್ರಬಂಧ ಓದುವಾಗ ಉಳಿದ ಸಾಲುಗಳ ಮೇಲೆ ನನಗೆ ಭರವಸೆ ಜಾಸ್ತಿಯಾಗುತ್ತದೆ.